ಮಗಳಿಗೊಂದು ಪತ್ರ: ಡಬ್ಬಿಯೊಳಗೆ ಇಟ್ಟದ್ದು

ಪುಟ್ಟೀ,

ಈ ಕಾಗದ ನಿನಗೆ ರೈಲಿನಲ್ಲೇ ಸಿಗಬಹುದು, ಇಲ್ಲ ಗುಜರಾತಿನ ಗಾಂಧಿನಗರ ಮುಟ್ಟಿ ಬಟ್ಟೆ ತೆಗೆಯುವಾಗ ಸಿಗಬಹುದು. ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟ ಮರದ ಡಬ್ಬಿ ನಿನಗೇ.

ಮೊನ್ನೆ ರಾತ್ರಿಯ ಮಾತನ್ನು ಮತ್ತೆ ಬರೆಯುವುದಿಲ್ಲ. ನನ್ನ ದನಿ ಜಾಸ್ತಿ ಆಯಿತು, ಅದಕ್ಕೆ ಬೇಜಾರಿದೆ. ಆದರೆ ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇದೆ. ‘ಹುಡುಗಿ ಅಂತ ತಾನೇ ನನ್ನನ್ನು ಬೊಂಬೆ ಕಡೆಯುವ ಲೇತ್ ಮಷಿನ್ ಹತ್ತಿರ ಬಿಡಲಿಲ್ಲ?’ ಅಂದೆ. ಅಲ್ಲ ಕಣಮ್ಮ. ನಿನ್ನ ಸೋದರತ್ತೆ ನನಗಿಂತ ಚೆನ್ನಾಗಿ ಬಣ್ಣ ಹಾಕುತ್ತಾಳೆ. ನಮ್ಮ ಚನ್ನಪಟ್ಟಣದಲ್ಲಿ ಎಷ್ಟೋ ಹೆಂಗಸರು ಈ ಕೆಲಸದಿಂದಲೇ ಮನೆ ನಡೆಸುತ್ತಿದ್ದಾರೆ.

ಕಾರಣ ನಿನ್ನ ಜಡೆ.

ನಿನಗಾಗ ಆರೋ ಏಳೋ ವರ್ಷ. ನಾನು ಲೇತ್ ಮೇಲೆ ತಿರುಗುವ ಬುಗುರಿಗೆ ಬಣ್ಣದ ಅರಗು ಒತ್ತುತ್ತಿದ್ದೆ. ಕೆಂಪು ಅರಗಿನ ಕಡ್ಡಿ ಕೈ ಜಾರಿ ಕೆಳಗೆ ಬಿತ್ತು. ಎತ್ತಿಕೊಡೋಣ ಅಂತ ನೀನು ಬಗ್ಗಿದೆ. ಜಡೆ ಮುಂದಕ್ಕೆ ಬಂತು, ರಿಬ್ಬನ್ ಬೆಲ್ಟಿನ ಕಡೆ ಹಾರಿತು. ನಾನು ಸ್ವಿಚ್ ಆರಿಸಿದೆ. ಸ್ವಿಚ್ ಆರಿಸಿದರೂ ಮಷಿನ್ ತಕ್ಷಣ ನಿಲ್ಲುವುದಿಲ್ಲ ಪುಟ್ಟೀ. ಅದು ತಿರುಗುತ್ತಲೇ ಇತ್ತು. ರಿಬ್ಬನ್ ಪೂರ್ತಿ ಸುತ್ತಿಕೊಂಡು ಹೋಯಿತು. ಗಂಟು ಸಡಿಲ ಇದ್ದದ್ದರಿಂದ ಜಡೆಯಿಂದ ಕಳಚಿಕೊಂಡಿತು. ಸ್ಕೂಲಿಗೆ ಹೊತ್ತಾಯಿತು ಅಂತ ನಿಮ್ಮಮ್ಮ ಅವತ್ತು ಅವಸರದಲ್ಲಿ ಕಟ್ಟಿದ್ದಳು. ದಿನದ ಹಾಗೆ ಬಿಗಿಯಾಗಿ ಎರಡು ಗಂಟು ಹಾಕಿದ್ದರೆ?

ನೀನು ರಿಬ್ಬನ್ ಹೋಯಿತು ಅಂತ ಅತ್ತೆ. ನಿನಗೆ ಅಷ್ಟೇ ನೆನಪಿರಬೇಕು. ನಾನು ಆ ರಿಬ್ಬನ್ನನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದೆ. ತೆಗೆದಷ್ಟೂ ಬರುತ್ತಿತ್ತು. ಅಷ್ಟು ಉದ್ದದ ರಿಬ್ಬನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಹೋಗಿತ್ತು. ಈಗಲೂ ನೀನು ತಲೆ ಬಾಚಿಕೊಳ್ಳುವಾಗ ನನಗೆ ಅದೇ ಕಾಣುತ್ತದೆ. ಗಂಟು ಸಡಿಲ ಇತ್ತು, ಅಷ್ಟೇ. ನನ್ನ ಜಾಣತನ ಏನೂ ಇರಲಿಲ್ಲ.

ಅಮ್ಮನಿಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.

ಈಗ ನೀನು ಬೊಂಬೆ ವಿನ್ಯಾಸ ಓದಲು ಎನ್‌ಐಡಿ ಅನ್ನುವ ವಿನ್ಯಾಸ ಸಂಸ್ಥೆಗೆ ಹೋಗುತ್ತಿದ್ದೀಯ. ಅಲ್ಲಿ ವರ್ಕ್‌ಶಾಪ್ ಇರುತ್ತದೆ, ಮಷಿನ್ ಇರುತ್ತದೆ, ನಾನಿರುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಜಡೆ ಬಿಡಬೇಡ, ತುರುಬು ಕಟ್ಟಿ ಪಿನ್ ಹಾಕು. ದುಪಟ್ಟಾ ಹೊರಗೇ ಇಟ್ಟು ಹೋಗು. ಬಳೆ, ಉಂಗುರ, ತೋಳು ಸಡಿಲ ಇರುವ ಬಟ್ಟೆ ಬೇಡ. ಕೈಗೆ ಗ್ಲೌಸ್ ಹಾಕಿಕೊಂಡರೆ ಒಳ್ಳೆಯದು ಅನ್ನಿಸುತ್ತದೆ, ಲೇತ್ ಮುಂದೆ ಅದೂ ಅಪಾಯವೇ. ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ತಿರುಗುವ ಮರ ಒರೆಸಬೇಡ. ನಿದ್ದೆಗೆಟ್ಟು ಮಷಿನ್ ಮುಂದೆ ನಿಲ್ಲಬೇಡ, ನಾಳೆಯೇ ಕೆಲಸ ಒಪ್ಪಿಸಬೇಕಿದ್ದರೂ ಸರಿ. ಹೊತ್ತಿಗೆ ಊಟ ಮಾಡು. ನೋಡು, ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ.

ಡಬ್ಬಿ ನಿನ್ನ ಹೇರ್‌ಪಿನ್ ಇಟ್ಟುಕೊಳ್ಳಲು. ಆಲೆ ಮರದ್ದು. ತಳ, ಮುಚ್ಚಳ ಎರಡನ್ನೂ ಒಂದೇ ತುಂಡಿನಿಂದ ತೆಗೆದೆ, ಮೇಲಿನ ಎಳೆ ಕೆಳಗಿನ ಎಳೆಗೆ ಕೂಡುವ ಹಾಗೆ. ಒಳಗೆ ಕೊರೆದು ತಕ್ಷಣ ಮುಗಿಸದೆ ಗೂಡಿನಲ್ಲಿ ಇಟ್ಟಿದ್ದೆ. ಎಷ್ಟು ಒಣಗಿದ ಮರವಾದರೂ ಕೊರೆದ ಮೇಲೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದು ತಿರುಗಿ ನಿಂತ ಮೇಲೆ ಮತ್ತೆ ಕಡೆದರೆ ಮುಚ್ಚಳ ಸರಿಯಾಗಿ ಕೂರುತ್ತದೆ. ಹೊರಗಿನ ಹಳದಿ ಅರಿಶಿನದ್ದು, ನಡುವಿನ ಪಟ್ಟಿ ನೀಲಿ ಗಿಡದ್ದು. ತಾಳೆಗರಿ ಒತ್ತಿ ಹೊಳಪು ತಂದಿದ್ದೇನೆ. ಒಳಗೆ ಅರಗು ಹಾಕಿಲ್ಲ, ಬರೀ ಉಪ್ಪುಕಾಗದ ಉಜ್ಜಿದ್ದೇನೆ. ಮುಚ್ಚಳ ಕೂರುವ ಅಂಚಿಗೂ ಹಾಕಿಲ್ಲ. ಅಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಡಬ್ಬಿ ಬಿಸಿಲಿಗೆ ಬಿದ್ದು ಅರಗು ಮೆತ್ತಗಾದರೆ ಮುಚ್ಚಳ ಅಂಟಿಕೊಳ್ಳುತ್ತದೆ. ಕಿಟಕಿ ಪಕ್ಕ ಇಡಬೇಡ. ಒಣಹವೆಗೆ ಮುಚ್ಚಳ ಸ್ವಲ್ಪ ಸಡಿಲವಾಗಬಹುದು, ಮಳೆಗಾಲಕ್ಕೆ ಮತ್ತೆ ಬಿಗಿಯಾಗುತ್ತದೆ. ಹೆದರಿ ಉಜ್ಜಲು ಹೋಗಬೇಡ.

ನಿನಗೆ ಸೀಟು ಸಿಕ್ಕಿದ ದಿನ ನಾನು ಏನೂ ಮಾತಾಡಲಿಲ್ಲ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಅವತ್ತು ಬೀದಿಯ ಕೊನೆಯ ಮನೆಯವರೆಗೂ ಹೋಗಿ ಹೇಳಿ ಬಂದಿದ್ದೇನೆ. ಟೀ ಅಂಗಡಿಯಲ್ಲಿ ಗುರುತಿಲ್ಲದವರಿಗೂ ಹೇಳಿದೆ. ಟಿಪ್ಪುವಿನ ಕಾಲದಿಂದ ಬಂದ ಕೆಲಸ ಅನ್ನುತ್ತಾರೆ ಇದನ್ನು. ಇಷ್ಟು ದಿನ ಗಿರಾಕಿ ತಂದ ಚಿತ್ರ ನೋಡಿ ನಾವು ಕಡೆದುಕೊಟ್ಟೆವು. ಚಿತ್ರ ಬರೆಯುವ ಜಾಗದಲ್ಲಿ ಇನ್ನು ನೀನು ಕೂರುತ್ತೀಯ. ರಜೆಗೆ ಬಂದಾಗ ನನ್ನ ಪಕ್ಕದ ಲೇತ್ ನಿನ್ನದು. ತಲೆ ಮಾತ್ರ ನಾನು ನೋಡಿದ ಮೇಲೆಯೇ ಸ್ವಿಚ್ ಹಾಕಬೇಕು.

ಮುಟ್ಟಿದ ಕೂಡಲೇ ಅಮ್ಮನಿಗೆ ಫೋನ್ ಮಾಡು. ನನಗೆ ಅಲ್ಲಿಯ ಲೇತ್‌ನ ಒಂದು ಫೋಟೊ ಕಳಿಸು. ಬೆಲ್ಟಿಗೆ ಕವರ್ ಇದೆಯೋ ಇಲ್ಲವೋ ಕಾಣುವ ಹಾಗೆ, ಪಕ್ಕದಿಂದ ತೆಗೆ.

ಇಂತಿ,
ನಿನ್ನ ಅಪ್ಪ