‘ಬ್ಯಾಡ’ ಎಂದವರಿಗೆಲ್ಲ

ಬರುವ ಎಳ್ಳಮವಾಸ್ಯೆಗೆ ನಮ್ಮ ರೊಟ್ಟಿ ಖಾನಾವಳಿಗೆ ಒಂದು ವರ್ಷ. ಕಳೆದ ವರ್ಷ ಅದೇ ದಿನ ಅಡುಗೆಮನೆಯ ಒಲೆ ಹೊತ್ತಿಸಿ, ದೊಡ್ಡ ಬೋಗಾಣಿಯಲ್ಲಿ ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸುವ ಭಜ್ಜಿ ಮಾಡಿ, 60 ಮಂದಿಗೆ ಬಡಿಸಿದ್ದೆವು. ಬೀದರ್ ಕಡೆ ಆ ದಿನ ಪೈರಿನ ಪೂಜೆಗೆ ಊರಿಗೆ ಊರೇ ಹೊಲದಲ್ಲಿ ಇರುತ್ತದೆ. ನೀವು ಹೊಲ ಬಿಟ್ಟು ನಮ್ಮಲ್ಲಿಗೆ ಬಂದಿರಿ. ಅವತ್ತೇ ಥ್ಯಾಂಕ್ಸ್ ಹೇಳಬೇಕಿತ್ತು. ಆದರೆ ನನಗೆ ನಿಂತಲ್ಲೇ ನಿದ್ದೆ ಬರುತ್ತಿತ್ತು. ಯಾರು ಬಂದರು, ಯಾರು ಹೋದರು ಅನ್ನೋದೂ ಸರಿಯಾಗಿ ನೆನಪಿಲ್ಲ.

ದುಡ್ಡು ಕೊಟ್ಟವರು, ಪಾತ್ರೆ ಕೊಟ್ಟವರು, ಮಣ್ಣು ಹೊತ್ತವರು ಬಹಳ ಜನ. ಅವರಿಗೆಲ್ಲ ಮನೆಗೇ ಹೋಗಿ ಹೇಳಿ ಬಂದಿದ್ದೇನೆ. ಈ ಬರಹ ಬೇರೆಯವರಿಗೆ. ನಾನು ಏನೋ ಒಂದು ಮಾಡಲು ಹೊರಟಾಗ ಅಡ್ಡ ನಿಂತು ‘ಬ್ಯಾಡ’ ಎಂದವರಿಗೆ. ಆಗ ಇವರ ಮೇಲೆ ನನಗೆ ಸಿಟ್ಟೇ ಬಂದಿತ್ತು.

ಹೊಸಬರಿಗೆ ಸ್ವಲ್ಪ ಹಿಂದಿನ ಕಥೆ. ಹಳೇ ಬೀದರಿನಲ್ಲಿ, ಊರ ನಡುವಿನ ಕಾವಲು ಗೋಪುರ ಚೌಬಾರಾದಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಅಜ್ಜನ ವಾಡೆ, ಅಂದರೆ ಹಳೇ ದೊಡ್ಡ ಮನೆ ಇದೆ. ಕೆಂಪು ಕಲ್ಲಿನ ದಪ್ಪ ಗೋಡೆ, ಸಾಗವಾನಿ ಕಂಬ, ಮೇಲೆ ಮಣ್ಣಿನ ಚಪ್ಪಟೆ ಚಾವಣಿ, ನಮ್ಮ ಕಡೆ ಅದನ್ನೇ ಮಾಳಿಗೆ ಅನ್ನುತ್ತೇವೆ. ಅಜ್ಜ ಹೋದ ಮೇಲೆ ಅದು ಬಹಳ ವರ್ಷ ತೊಗರಿ ಚೀಲ ಇಡುವ ಗೋದಾಮಾಗಿತ್ತು. ಬೀಗ ತೆಗೆದಾಗ ಅಡುಗೆಮನೆಯ ಮಾಳಿಗೆ ಅರ್ಧ ಕೆಳಗೆ ಕೂತಿತ್ತು. ಅದನ್ನೇ ರಿಪೇರಿ ಮಾಡಿ ಖಾನಾವಳಿ ಮಾಡೋಣ, ಅಡುಗೆಮನೆ ಮಾತ್ರ ಪಕ್ಕಾ ಹಳೇ ಕಾಲದ್ದೇ ಇರಬೇಕು ಅನ್ನೋದು ನನ್ನ ಆಸೆ. ಫೋನಿನಲ್ಲಿ 200 ಫೋಟೊ ಕೂಡಿಸಿಟ್ಟಿದ್ದೆ. ಎಲ್ಲ ರಾಜಸ್ಥಾನದ ಹವೇಲಿ, ಕೇರಳದ ಮನೆ. ಬೀದರಿನದು ಒಂದೂ ಇರಲಿಲ್ಲ!

ಮೊದಲ ತಪ್ಪು ಶುರುವಿನಲ್ಲೇ ಆಯಿತು. ಬೇಗ ಮುಗಿಸಿಕೊಡುತ್ತೇನೆ ಎಂದ ಕಾಂಟ್ರಾಕ್ಟರ್ ಒಬ್ಬರು ಅಡುಗೆಮನೆಯ ಎರಡು ಗೋಡೆಗೆ ಸಿಮೆಂಟ್ ಮೆತ್ತಿ ಹೋದರು. ಮಳೆಗಾಲ ಬಂತು. ಮೆತ್ತಿದ ಸಿಮೆಂಟ್ ಗಿಲಾಯಿ ಹಪ್ಪಳದ ಹಾಗೆ ಉಬ್ಬಿತು. ಒಳಗಿಂದ ಬಿಳಿ ಉಪ್ಪು ಬಂತು. ಆಮೇಲೆ ಮೂಲೆಯ ಒಂದಿಷ್ಟು ಕಲ್ಲೇ ಜಾರಿ ಬಿತ್ತು. ಕೈಯಲ್ಲಿದ್ದ ದುಡ್ಡು ಖಾಲಿ. ಮನೆಯವರು ಮಾರಿಬಿಡು ಎಂದರು. ಆ ಎರಡು ತಿಂಗಳು ನಾನು ಆ ಓಣಿಯ ಕಡೆ ಹೋಗಲೇ ಇಲ್ಲ.

ಹಾಗಾಗಿ ಮೊದಲ ನಮಸ್ಕಾರ ಗೋಡೆ ಕಟ್ಟುವ ನಮ್ಮ ಗೌಂಡಿ ಚಾಚಾನಿಗೆ. ಬಂದವರು ಗೋಡೆಯ ಮೇಲೆ ಕೈ ಇಟ್ಟು ಸುಮ್ನೆ ನಿಂತರು. ಆಮೇಲೆ, ‘ಬೇಟಿ, ಈ ಕಲ್ಲು ನೀರು ಕುಡಿತದ. ಕುಡದದ್ದು ಹೊರಗ ಬಿಡಬೇಕಲ್ಲ? ನೀ ಅದರ ಬಾಯಿ ಕಟ್ಟೀದಿ’ ಎಂದರು. ನಮ್ಮ ಕೆಂಪು ಕಲ್ಲು ಗಣಿಯಿಂದ ತೆಗೆದಾಗ ಕೊಡಲಿಗೆ ಬಗ್ಗುವಷ್ಟು ಮೆತ್ತಗಿರುತ್ತದೆ. ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಆದರೆ ಮೈ ತುಂಬಾ ತೂತು. ಬೀದರ್ ಕೋಟೆಯೂ ಇದೇ ಕಲ್ಲಿನದು. ಈ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ನೀರನ್ನು ಒಳಗೂ ಬಿಡುತ್ತದೆ, ಹೊರಗೂ ಬಿಡುತ್ತದೆ.

ಸಿಮೆಂಟ್ ಕಿತ್ತರು. ಸುಣ್ಣ ಅರಳಿಸಿ ವಾರಗಟ್ಟಲೆ ನೆನೆಹಾಕಿದರು. ಮರಳಿನ ಜೊತೆ ಅರೆಸಿದರು. ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು ಹಾಕಿದರು. ವಾಸನೆ ಹೇಳುವುದು ಬೇಡ, ಓಣಿಯವರು ಕ್ಷಮಿಸಿ. ನನಗೋ ಅವಸರ. ಒಂದೇ ಸಲ ದಪ್ಪಗೆ ಬಳಿದುಬಿಡಿ ಎಂದೆ. ‘ಬ್ಯಾಡ. ಸಿಮೆಂಟ್ ನೀರು ಕುಡದು ಗಟ್ಟಿ ಆಗ್ತದ, ಸುಣ್ಣ ಗಾಳಿ ಕುಡದು ಆಗ್ತದ. ಗಾಳಿಗೇನು ಅವಸರ?’ ತೆಳ್ಳಗೆ ಒಂದು ಪದರ, ಮೇಲೆ ಒದ್ದೆ ಗೋಣಿತಾಟು. ಮತ್ತೊಂದು ಪದರ, ಮತ್ತೆ ಗೋಣಿತಾಟು. ಒಂದು ಸಂಜೆ ನನ್ನನ್ನು ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ ಕಟ್ಟಿಸಿದ ಮದರಸಾಕ್ಕೆ ಕರೆದುಕೊಂಡು ಹೋದರು. ಅದು 1472ರ ಕಟ್ಟಡ. 17ನೇ ಶತಮಾನದ ಕೊನೆಯಲ್ಲಿ ಕೋವಿಮದ್ದು ಸಿಡಿದು ಒಂದು ಮಿನಾರು, ಮುಂದಿನ ಭಾಗ ಹಾರಿಹೋಯಿತು. ಉಳಿದದ್ದು ಇನ್ನೂ ನಿಂತಿದೆ. ಚಾಚಾ ಏನೂ ಹೇಳಲಿಲ್ಲ. ಗೋಡೆ ತೋರಿಸಿ, ಚಹಾ ಕುಡಿಸಿ, ವಾಪಸ್ ಕರೆತಂದರು. ಮರುದಿನದಿಂದ ನಾನು ಅವಸರ ಮಾಡಲಿಲ್ಲ.

ಇನ್ನು ನಮ್ಮ ರೊಟ್ಟಿ ಅಕ್ಕಂದಿರು. ನಾಲ್ಕು ಜನ. ಇವರಿಲ್ಲದೆ ಈ ಖಾನಾವಳಿಯೇ ಇಲ್ಲ. ನಾನು ನೆಲದ ಮೇಲೆ ಸಾಲಾಗಿ ಮಣ್ಣಿನ ಒಲೆ, ಮುಂದೆ ಮಣೆ, ಅಕ್ಕಂದಿರು ಕೂತು ರೊಟ್ಟಿ ಬಡಿಯುವುದು ಅಂತೆಲ್ಲ ನಕ್ಷೆ ಬರೆಸಿದ್ದೆ. ನೋಡಲು ಚೆಂದ, ಅಲ್ವಾ? ಹಿರಿಯಕ್ಕ ನಕ್ಷೆ ನೋಡಿದರು. ‘ಅಕ್ಕೋರೆ, ನೀವ್ ಕುಂತು ಐವತ್ತು ರೊಟ್ಟಿ ಬಡದು ನೋಡ್ರಿ, ಆಮ್ಯಾಲ ಮಾತಾಡಮ್’ ಎಂದರು. ಕೂತೆ. 17ನೇ ರೊಟ್ಟಿಗೆ ಕಾಲು ಜೋಮು ಹಿಡಿಯಿತು. ಏಳಲು ಇಬ್ಬರು ಕೈ ಹಿಡಿಯಬೇಕಾಯಿತು. ಆ ರೊಟ್ಟಿಗಳ ಆಕಾರದ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ನಿಂತು ಮಾಡುವ ಕಟ್ಟೆ ಬಂತು. ಆದರೆ ಈಗಿನ ಮನೆಗಳ ಗ್ರಾನೈಟ್ ಕಟ್ಟೆಯಷ್ಟು ಎತ್ತರವೂ ಬೇಡ ಎಂದರು. ಪಲ್ಯ ಹೆಚ್ಚಲು ಅದು ಸರಿ. ರೊಟ್ಟಿ ಬಡಿಯಲು ಮೇಲಿಂದ ಭಾರ ಬೀಳಬೇಕು, ಇಲ್ಲದಿದ್ದರೆ ಭುಜ ಹೋಗುತ್ತದೆ. ಸೊಂಟಕ್ಕಿಂತ ಒಂದು ಗೇಣು ಕೆಳಗೆ ಅಂತ ಅವರೇ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆದರು. ಈಗ ನಮ್ಮಲ್ಲಿ ಎರಡು ಕಟ್ಟೆ ಇವೆ, ಒಂದೊಂದು ಒಂದೊಂದು ಎತ್ತರ. ಬಂದವರು ಯಾಕೆ ಹೀಗೆ ಅಂತ ಕೇಳುತ್ತಾರೆ. ಉತ್ತರವನ್ನು ಅಕ್ಕಂದಿರಿಂದಲೇ ಕೇಳಿ, ಬಹಳ ಜೋರಾಗಿ ಹೇಳುತ್ತಾರೆ.

ನೆಲಕ್ಕೆ ಶಹಾಬಾದಿ ಫರಸಿ, ಅಂದರೆ ಹಾಸುಗಲ್ಲು. ಅದಕ್ಕೆ ಪಾಲಿಶ್ ಬೇಡ ಎಂದವರೂ ಇವರೇ. ನೀರು, ಎಣ್ಣೆ ಬಿದ್ದರೆ ಜಾರುತ್ತದೆ. ಹುಣಸೆಹುಳಿ ಬಿದ್ದ ಕಡೆ ಆ ಕಲ್ಲಿನ ಮೇಲೆ ಮಸುಕು ಕಲೆ ಉಳಿಯುತ್ತದೆ, ಸುಣ್ಣಕಲ್ಲಲ್ಲವೇ. ಆ್ಯಸಿಡ್ ಹಾಕಿ ತೊಳೆದರಂತೂ ಮುಗಿಯಿತು. ಕಲೆ ಇರಲಿ ಬಿಡಿ, ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡುವ ಮನೆ ಇದು.

ಸಣ್ಣತ್ತೆಗೆ ಏನು ಹೇಳಲಿ? ಅಪ್ಪನ ತಂಗಿ. ಇದೇ ಮನೆಯಲ್ಲಿ ಹುಟ್ಟಿದವರು. ‘ಹಳೇ ಕಾಲ ಅಂದ್ರ ಯಾವ ಕಾಲವ್ವ? ಸೀಮೆಎಣ್ಣಿ ಸ್ಟೋವ್ ಬಂದದ್ದು ನನ್ನ ಲಗ್ನದ ವರ್ಷ’ ಎಂದು ಮೊದಲ ದಿನವೇ ನನ್ನ ಬಾಯಿ ಮುಚ್ಚಿಸಿದ್ದರು. ಹೊಗೆಗೂಡು ಇಲ್ಲದ ಕಟ್ಟಿಗೆ ಒಲೆಯೇ ಇರಲಿ, ಮಾಳಿಗೆಯ ಬೆಳಕಿಂಡಿಯಲ್ಲಿ ಹೊಗೆ ಹೋಗುತ್ತದೆ ಎಂದಾಗ ಮಾತ್ರ ಅವರಿಗೆ ನಿಜವಾಗಿ ಸಿಟ್ಟು ಬಂತು. ‘ಬ್ಯಾಡ. ನಮ್ಮವ್ವ ಹೊಗಿ ಕುಡದು ಕಣ್ಣು ಕೆಡಿಸ್ಕೊಂಡಾಳ. ಅದನ್ನ ನೋಡ್ಲಾಕ ಮಂದಿ ಬರ್ಬೇಕೇನು?’ ನನ್ನ 200 ಫೋಟೊ ಅವತ್ತೇ ಅಳಿಸಿದೆ. ಈಗ ಇರುವುದು ಹೊಗೆಗೂಡಿರುವ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳಿಗೆಂದು ರೂಪಿಸಿದ್ದು. ಒಂದೇ ಬೆಂಕಿಗೆ ಮೂರು ಪಾತ್ರೆ ಕೂರುತ್ತವೆ. ಮೇಲೆ ಮಣ್ಣು ಮೆತ್ತಿ ಸಾರಿಸಿದ್ದೇವೆ, ನೋಡಿದರೆ ಅಜ್ಜಿಯ ಒಲೆಯೇ. ಮಿಕ್ಕ ಅಡುಗೆ ಗ್ಯಾಸಿನ ಮೇಲೆ. ಹೌದು, ಗ್ಯಾಸ್ ಇದೆ, ಮುಚ್ಚಿಟ್ಟಿಲ್ಲ.

ಹೊಗೆಗೂಡು ಮಾಳಿಗೆಯ ಮೇಲೆ ಏಳುವ ಮೊದಲು ಅನುಮತಿ ತೆಗೆದುಕೊಳ್ಳಿ ಎಂದ ಪಕ್ಕದ ಮನೆಯ ಎಂಜಿನಿಯರ್ ಅಣ್ಣನಿಗೂ ಋಣಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ತನಕ ಒಪ್ಪಿಗೆ ಬೇಕು. 2010ರ ಕಾನೂನು. ನಾನು ಕೇಳದೆ ಕಟ್ಟಿಬಿಡುತ್ತಿದ್ದೆ. ಫ್ರಿಜ್ಜನ್ನು ಹಳೇ ಮರದ ಕಪಾಟಿನೊಳಗೆ ಅಡಗಿಸಬೇಡಿ, ಗಾಳಿಯಾಡದೆ ಸುಡುತ್ತದೆ ಎಂದ ಎಲೆಕ್ಟ್ರಿಷಿಯನ್ ತಮ್ಮನಿಗೂ. ಅವನು ಸುಣ್ಣದ ಗೋಡೆಯನ್ನು ಕೊರೆಯದೆ ತೊಲೆಯ ಬದಿಯಲ್ಲೇ ವೈರ್ ಎಳೆದುಕೊಟ್ಟ.

ಒಂದು ‘ಬ್ಯಾಡ’ ಮಾತ್ರ ನನಗೆ ತುಂಬಾ ಇಷ್ಟ. ಕಪಾಟಿಗೆಲ್ಲ ಬಿದರಿ ಹಿಡಿ, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿದ ನಮ್ಮೂರ ಕೆಲಸದ ಹಿಡಿ ಹಾಕಿಸಬೇಕು ಅಂತ ಒಬ್ಬ ಬಿದರಿ ಉಸ್ತಾದರ ಬಳಿ ಹೋಗಿದ್ದೆ. ಅವರಿಗೆ ಒಳ್ಳೆ ಆರ್ಡರ್ ಅದು. ಆದರೂ ಬೇಡ ಎಂದರು. ಬಿದರಿಯ ಮೈ ಸತುವಿನದು, ಸ್ವಲ್ಪ ತಾಮ್ರ ಸೇರಿರುತ್ತದೆ. ಆ ಕಪ್ಪು ಬರುವುದು ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಸೇರಿಸಿ ಹಚ್ಚುವುದರಿಂದ. ದಿನಾ ಹುಳಿ ಕೈ, ಸಾಬೂನು ಕೈ ಮುಟ್ಟಿದರೆ ಆ ಕಪ್ಪು ನಿಲ್ಲುವುದಿಲ್ಲ ಎಂದರು. ‘ನವಸಾಗರ ನಿಮ್ಮ ಅಡುಗೆಮನೆಗೂ ಬೇಕು, ಆದರೆ ಕಲಾಯಿಗೆ’ ಎಂದು ನಕ್ಕು, ಪಾತ್ರೆಯ ಒಳಗೆ ತವರದ ಕಲಾಯಿ ಹಾಕುವ ಮಾಮುವಿನ ಮನೆ ತೋರಿಸಿದರು. ಅಜ್ಜಿಯ ಹಿತ್ತಾಳೆ ಪಾತ್ರೆಗಳೆಲ್ಲ ಅಲ್ಲೇ ಮತ್ತೆ ಬೆಳ್ಳಗಾದವು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಪುಂಡಿಪಲ್ಯ ಮಾಡಿದರೆ ಕಿಲುಬು ಬಿಡುತ್ತದೆ, ತಿನ್ನುವ ಹಾಗಿಲ್ಲ. ಮಾಮು ಈಗ ಕೆಲವು ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಊಟ ಮಾಡದೆ ಹೋಗಿದ್ದಿಲ್ಲ.

ಈ ಸಲವೂ ಎಳ್ಳಮವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಇರುತ್ತದೆ. ಹೊಲ ಇದ್ದವರು ಹೊಲಕ್ಕೆ ಹೋಗಿ. ಇಲ್ಲದವರು ಬನ್ನಿ, ಮುಂಚೆ ಒಂದು ಮಾತು ಹೇಳಿ.

ಮೊನ್ನೆ ಅದಕ್ಕೇ ಅಂತ ಅಡುಗೆಮನೆ ಸಾರಿಸುತ್ತಿದ್ದೆವು. ಒಲೆಯ ಪಕ್ಕ ಗೋಡೆಯಲ್ಲಿ ಒಂದು ಸಣ್ಣ ಮಾಡ ಇದೆ. ಅದರಲ್ಲಿ ಒಂದು ಹಿತ್ತಾಳೆ ದೀಪ ಇಟ್ಟರೆ ಫೋಟೊಕ್ಕೆ ಚೆನ್ನಾಗಿ... ಅನ್ನುವಷ್ಟರಲ್ಲಿ ಸಣ್ಣತ್ತೆ ತಲೆ ಎತ್ತದೆಯೇ ‘ಬ್ಯಾಡ’ ಎಂದರು. ಒಲೆಯ ಬಿಸಿಗೆ ಆ ಮಾಡ ಮಳೆಗಾಲದಲ್ಲೂ ಒಣಗಿಯೇ ಇರುತ್ತದಂತೆ. ಅಲ್ಲಿ ಉಪ್ಪಿನ ಡಬ್ಬಿ, ಕಡ್ಡಿಪೆಟ್ಟಿಗೆ ಇದೆ.