ಜಿಎಸ್‌ಟಿ ತೆಗೆದಿರಿ ಸರಿ, ಪ್ರೀಮಿಯಂ ಹಿಡಿಯೋರು ಯಾರು?

ಮಾನ್ಯ ಕೇಂದ್ರ ಹಣಕಾಸು ಸಚಿವರೇ,

ನಮಸ್ಕಾರ. ನೀವು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಆ ಸಲುಗೆಯಿಂದ ಮೈಸೂರಿನಿಂದ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ 18% ಜಿಎಸ್‌ಟಿ ಸೊನ್ನೆ ಆಯಿತು. ಅವತ್ತೇ ನಮ್ಮಲ್ಲಿ ದಸರಾ ಉದ್ಘಾಟನೆ. ಅಂಗಡಿಗೆ ಬಂದವರಿಗೆಲ್ಲ ಖುಷಿಯಿಂದ ಹೇಳಿದ್ದೆ.

ಆಮೇಲೆ ರಿನ್ಯೂವಲ್ ನೋಟಿಸ್ ಬಂತು. ಹಿಂದಿನ ವರ್ಷ ಪ್ರೀಮಿಯಂ 32,000, ಜಿಎಸ್‌ಟಿ 5,760. ಈ ವರ್ಷ ಜಿಎಸ್‌ಟಿ ಇಲ್ಲ, ಪ್ರೀಮಿಯಂ 41,000! ನೀವು ಬಿಟ್ಟುಕೊಟ್ಟ ತೆರಿಗೆ ನನ್ನ ಜೇಬಿಗಂತೂ ಬರಲಿಲ್ಲ. ಕೇಳಿದರೆ ಏಜೆಂಟ್, "ಕಂಪನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಹೋಯ್ತಲ್ಲ ಸಾರ್" ಅಂದ. ಅಂದರೆ ಕಂಪನಿ ತನ್ನ ಖರ್ಚಿನ ಮೇಲೆ ಕಟ್ಟುವ ಜಿಎಸ್‌ಟಿಯನ್ನು ಈಗ ವಜಾ ಮಾಡಿಕೊಳ್ಳುವ ಹಾಗಿಲ್ಲವಂತೆ. ಕಾಲ್ ಸೆಂಟರ್ ಹುಡುಗಿ ಇನ್ನೂ ಮುಂದೆ ಹೋದಳು. ನನ್ನ ಹೆಂಡತಿಗೆ ಶುಗರ್ ಇದೆ. "ಮೇಡಂ ಹೆಸರು ತೆಗೆದುಬಿಟ್ರೆ ಕಡಿಮೆ ಆಗುತ್ತೆ ಸಾರ್" ಅಂದಳು, ಅದೂ ನಗುನಗುತ್ತಾ. ಕಾಯಿಲೆ ಇರುವವರನ್ನು ಬಿಟ್ಟು ಇನ್ಯಾರಿಗೆ ವಿಮೆ ಮಾಡಿಸಲಿ ತಾಯಿ? ಫೋನ್ ಸ್ಪೀಕರ್‌ನಲ್ಲಿತ್ತು, ಹೆಂಡತಿಯೂ ಕೇಳಿಸಿಕೊಂಡಳು.

ಪೋರ್ಟ್ ಮಾಡಿ, ಅಂದರೆ ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ ಅಂತೀರಿ. ಶುಗರ್ ಅಂದ ಕೂಡಲೇ ಬೇರೆ ಕಂಪನಿಯವರು ಫೋನೇ ಎತ್ತಲ್ಲ.

60 ದಾಟಿದವರಿಗೆ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸುವ ಮೊದಲು ತನ್ನನ್ನು ಕೇಳಬೇಕು ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ 2025ರ ಜನವರಿಯಲ್ಲೇ ಹೇಳಿದೆ. ಒಳ್ಳೇದು. ನನಗೆ 57. ಇನ್ನು ಮೂರು ವರ್ಷ ಕಂಪನಿ ಮನಸ್ಸಿಗೆ ಬಂದಷ್ಟು ಏರಿಸಬಹುದು, ಅಲ್ವಾ? ಆ 10% ಮಿತಿ ಎಲ್ಲ ವಯಸ್ಸಿನವರಿಗೂ ಬರಲಿ.

ಈಗ ಏನಾಗ್ತಿದೆ ನೋಡಿ. ನಮ್ಮ ಬೀದಿಯ ಗಟ್ಟಿಮುಟ್ಟಾದ ಹುಡುಗರು ಪಾಲಿಸಿ ಬಿಡುತ್ತಿದ್ದಾರೆ. "ಆ ದುಡ್ಡಲ್ಲಿ ಚೀಟಿ ಹಾಕ್ತೀನಿ ಅಂಕಲ್" ಅಂತಾರೆ. ಉಳಿಯುವವರು ನಮ್ಮಂಥ ಮಾತ್ರೆ ಡಬ್ಬಿಯವರು. ಕ್ಲೇಮ್ ಜಾಸ್ತಿ, ಮತ್ತೆ ಪ್ರೀಮಿಯಂ ಜಾಸ್ತಿ, ಮತ್ತಷ್ಟು ಜನ ಹೊರಗೆ. ಬೆಲೆ ಇಳಿದರೆ ಜನ ವಿಮೆ ಕೊಳ್ಳುತ್ತಾರೆ ಅಂತಲೇ ತಾನೇ ತೆರಿಗೆ ತೆಗೆದಿದ್ದು? ಇಳಿದ ಬೆಲೆ ಎಲ್ಲಿ ಸ್ವಾಮಿ?

70 ದಾಟಿದವರಿಗೆ ಸರ್ಕಾರದ ಆಯುಷ್ಮಾನ್ ಆರೋಗ್ಯ ವಿಮೆ ಅಂದಿರಿ. 60 ದಾಟಿದವರಿಗೆ ಮಿತಿ ಅಂದಿರಿ. ನಡುವಯಸ್ಸಿನವರು ಸುಮ್ನೆ ಕಟ್ಟುತ್ತಾ ಇರಬೇಕಾ?

10% ಮಿತಿ ಎಲ್ಲರಿಗೂ ಮಾಡಿಸಿ. ಅದಕ್ಕಿಂತ ಜಾಸ್ತಿ ಏರಿಸುವ ಕಂಪನಿ ಕಾರಣವನ್ನು ನೋಟಿಸಿನಲ್ಲೇ ಬರೆಯಲಿ. ಗಡುವು ಮುಗಿದ ಮೇಲೂ ಪ್ರೀಮಿಯಂ ಕಟ್ಟಲು ಸಿಗುವ ನನ್ನ ಗ್ರೇಸ್ ಪಿರಿಯಡ್ 30 ದಿನ, ಆಗಲೇ ಓಡುತ್ತಿದೆ. ಹೆಂಡತಿಯ ಹೆಸರನ್ನಂತೂ ತೆಗೆಸಲ್ಲ.

ಇತಿ,
ಅಗ್ರಹಾರದ ಒಬ್ಬ ಕಿರಾಣಿ ಅಂಗಡಿಯವನು, ಮೈಸೂರು