ಎಸ್‌ಪಿಬಿ ಹಾಡಿಗೆ ಯಾವ ಊರಿನ ಆಧಾರ್ ಕಾರ್ಡು ಬೇಕು?

ಮಾನ್ಯ ಸಂಪಾದಕರೇ,

ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡ ದಿನ ಸೆಪ್ಟೆಂಬರ್ 25 ಬಂತೆಂದರೆ ಎಲ್ಲ ಪತ್ರಿಕೆಗಳಲ್ಲೂ ಅವರ ಬಗ್ಗೆ ಒಂದು ಲೇಖನ ಇರುತ್ತದೆ. ಮುಂದಿನ ಜನ್ಮದಲ್ಲಿ ಕನ್ನಡ ನಾಡಿನಲ್ಲಿ ಹುಟ್ಟುವ ಆಸೆ ಅಂತ ಅವರು ಹೇಳಿದ್ದನ್ನು ಯಾರೂ ಬಿಡುವುದಿಲ್ಲ. ಓದಿ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಗಡಿಯ ಈಚೆ ಕೂತು ಓದುವ ನಮ್ಮಂಥವರಿಗೆ ಸಣ್ಣ ಕಿರಿಕಿರಿಯೂ ಆಗುತ್ತದೆ. ಇದೇ ಜನ್ಮದಲ್ಲಿ, ಆಂಧ್ರದಲ್ಲೇ ಹುಟ್ಟಿ, ಕನ್ನಡ ಹಾಡುವ ಮಕ್ಕಳು ಇಲ್ಲಿದ್ದಾರಲ್ಲ, ಅವರ ಕಥೆ ಏನು?

ನಾನು ಮಡಕಶಿರಾ ಕಡೆಯವನು. 2022ರವರೆಗೆ ನಮ್ಮದು ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಕಡೆ ಬಂದು ನೋಡಿ, ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಜಗಳವಂತೂ ಅಪ್ಪಟ ಕನ್ನಡ. ರೇಷನ್ ಕಾರ್ಡು, ಅಡಂಗಲ್ (ನಿಮ್ಮ ಕಡೆಯ ಪಹಣಿ) ಮಾತ್ರ ತೆಲುಗು. ಹೆಣ್ಣು ಕೊಡುವುದು ತರುವುದು ಹೆಚ್ಚಾಗಿ ಶಿರಾ, ಪಾವಗಡ, ಮಧುಗಿರಿ ಕಡೆಗೇ.

ನಾವು ಹುಡುಗರಾಗಿದ್ದಾಗ ಎಸ್‌ಪಿಬಿ ನಮಗೆ ಎರಡೂ ಕಡೆಯಿಂದ ಕೇಳಿಸುತ್ತಿದ್ದರು. ಹಿಂದೂಪುರದ ಬಸ್ಸಿನಲ್ಲಿ ಚಿರಂಜೀವಿಗೆ ಹಾಡುತ್ತಿದ್ದರು, ಶಿರಾ ಬಸ್ಸು ಹತ್ತಿದರೆ ವಿಷ್ಣುವರ್ಧನ್‌ಗೆ. ದನಿ ಒಂದೇ, ಆದರೆ ವಿಷ್ಣುವರ್ಧನ್‌ಗೆ ಹಾಡುವಾಗ ಎದೆಯಿಂದ ತುಂಬಿ ಬರುತ್ತಿದ್ದ ದನಿ ರವಿಚಂದ್ರನ್‌ಗೆ ಹಾಡುವಾಗ ಪೂರ್ತಿ ಚೇಷ್ಟೆಯಾಗುತ್ತಿತ್ತು, ನಡುವೆ ಒಂದು ನಗು ಸೇರಿಸಿಬಿಡುತ್ತಿದ್ದರು, ಆ ನಗುವನ್ನು ನಕಲು ಮಾಡಲು ಹೋಗಿ ನಮ್ಮೂರಿನಲ್ಲಿ ಎಷ್ಟು ಜನ ನಗೆಪಾಟಲಾದರೋ! 1987ರಲ್ಲಿ ಹಂಸಲೇಖ ಅವರ 'ಪ್ರೇಮಲೋಕ' ಕ್ಯಾಸೆಟ್ ಬಂದ ಮೇಲೆ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನವರು ಬೇರೆ ಕ್ಯಾಸೆಟ್ ಹಾಕುವುದನ್ನೇ ಬಿಟ್ಟರು. ಬೇರೆಯದು ಹಾಕಿದರೆ ಗಿರಾಕಿಗಳು ಸುಮ್ನೆ ಬಿಡುತ್ತಿರಲಿಲ್ಲ.

ಬೇಸಿಗೆ ರಜೆಗೆ ಶಿರಾದಿಂದ ಅತ್ತೆ ಮಕ್ಕಳು ಬಂದರೆ ಜಗಳ ಶುರು. ಎಸ್‌ಪಿಬಿ ನಮ್ಮವರು ಅಂತ ಅವರು, ನಮ್ಮವರು ಅಂತ ನಾವು. ನಮ್ಮ ಹತ್ತಿರ ಒಂದು ತುರುಫು ಎಲೆ ಇತ್ತು. ಎಸ್‌ಪಿಬಿ ಎಂಜಿನಿಯರಿಂಗ್‌ಗೆ ಸೇರಿದ್ದು ನಮ್ಮ ಅನಂತಪುರದ ಕಾಲೇಜಿಗೆ! ಟೈಫಾಯಿಡ್ ಬಂದು ಅಲ್ಲಿನ ಓದು ನಿಂತುಹೋಯಿತು, ಅದು ಬೇರೆ ಮಾತು. ಶಿರಾದವರ ಬಾಯಿ ಮುಚ್ಚಿಸಲು ಅಷ್ಟು ಸಾಕಾಗಿತ್ತು.

ಅವರ ಹಾಡಿನಿಂದ ನಮಗಾದ ಇನ್ನೊಂದು ಲಾಭವನ್ನು ಯಾರೂ ಬರೆಯುವುದಿಲ್ಲ. ನಮ್ಮ ಕಡೆ ಹಕಾರ ಬರುವುದಿಲ್ಲ ಸ್ವಾಮಿ. ಹಾಲು ಆಲು, ಹಾವು ಆವು. 1972ರ 'ನಾಗರಹಾವು' ಚಿತ್ರದಲ್ಲಿ ಎಸ್‌ಪಿಬಿ ಹಾಡಿದ ಹಾಡಿದೆಯಲ್ಲ, ದೊಡ್ಡವರೆಲ್ಲ ಅದನ್ನು ಆವು ಆವು ಅಂತಲೇ ಹಾಡುತ್ತಿದ್ದರು. ನೆಲ್ಲೂರು ಕಡೆಯ, ತೆಲುಗು ಮನೆಮಾತಿನ ಮನುಷ್ಯ ಹಕಾರವನ್ನು ಸರಿಯಾಗಿ ಹೇಳುತ್ತಿದ್ದರು, ಕನ್ನಡ ಮನೆಮಾತಿನ ನಾವು ನುಂಗುತ್ತಿದ್ದೆವು. ಶಾಲೆಯಲ್ಲಿ ತೆಲುಗು ಮಾಧ್ಯಮ, ಕನ್ನಡ ತಿದ್ದುವ ಮೇಷ್ಟರು ಎಲ್ಲಿಂದ ಬರಬೇಕು? ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ತಿರುಗಿಸಿ ಹಾಡು ಕಲಿತವರ ನಾಲಿಗೆ ತಾನಾಗಿ ತಿರುಗಿತು. ಆಮೇಲೆ ಈಟಿವಿ ಕನ್ನಡದಲ್ಲಿ ಎಸ್‌ಪಿಬಿ ನಡೆಸಿಕೊಡುತ್ತಿದ್ದ ಹಾಡಿನ ಸ್ಪರ್ಧೆ 'ಎದೆ ತುಂಬಿ ಹಾಡುವೆನು' ಬಂತು. ತೆಲುಗು ಈಟಿವಿಯಲ್ಲಿ ಅವರದ್ದೇ 'ಪಾಡುತಾ ತೀಯಗಾ' ಮೊದಲೇ ಇತ್ತು. ನಮ್ಮ ಮನೆಯಲ್ಲಿ ಎರಡನ್ನೂ ನೋಡುತ್ತಿದ್ದರು. ಹಾಡುವ ಮಗು ಒಂದು ಅಕ್ಷರ ತಪ್ಪಿದರೆ ಎಸ್‌ಪಿಬಿ ಎರಡು ಭಾಷೆಯಲ್ಲೂ ಅಷ್ಟೇ ಪ್ರೀತಿಯಿಂದ ತಿದ್ದುತ್ತಿದ್ದರು. ತಪ್ಪನ್ನು ಮಾತ್ರ ಬಿಡುತ್ತಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಮಗಳು ಎಂಟನೇ ಕ್ಲಾಸು. ಓದುವುದು ತೆಲುಗು, ಇಂಗ್ಲಿಷು. ಕನ್ನಡ ಅಕ್ಷರ ಅರ್ಧಂಬರ್ಧ ಬರುತ್ತದೆ, ಅದಕ್ಕೆ ಹಾಡುಗಳನ್ನು ತೆಲುಗು ಲಿಪಿಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹಾಡುತ್ತಾಳೆ. ಚೆನ್ನಾಗಿಯೇ ಹಾಡುತ್ತಾಳೆ (ಸೋದರಮಾವನ ಮಾತು ಅಂತ ಅರ್ಧ ಕಳೆದರೂ ಚೆನ್ನಾಗಿ ಹಾಡುತ್ತಾಳೆ). ಕಳೆದ ವರ್ಷ ಗಡಿ ದಾಟಿ ಒಂದು ಊರಿನಲ್ಲಿ ಎಸ್‌ಪಿಬಿ ನೆನಪಿನ ಗಾಯನ ಸ್ಪರ್ಧೆ ಇತ್ತು. ಕರೆದುಕೊಂಡು ಹೋದೆ. ಹೆಸರು ಬರೆಸುವ ಟೇಬಲ್ ಹತ್ತಿರ ಆಧಾರ್ ಕಾರ್ಡು ನೋಡಿ, ಆಂಧ್ರ ವಿಳಾಸ ಅಂತ ವಾಪಸ್ ಕೊಟ್ಟರು. ಕನ್ನಡ ಬರುತ್ತಾ ಅಂತಲೂ ಕೇಳಲಿಲ್ಲ, ಒಂದು ಸಾಲು ಹಾಡಿಸಿಯೂ ನೋಡಲಿಲ್ಲ. ಹಿಂದೆ ಎಸ್‌ಪಿಬಿ ಅವರ ದೊಡ್ಡ ಬ್ಯಾನರ್ ಕಟ್ಟಿದ್ದರು.

ಆಂಧ್ರ ವಿಳಾಸ! ಎಸ್‌ಪಿಬಿ ಮೊದಲ ತೆಲುಗು ಸಿನಿಮಾ ಹಾಡು ಹಾಡಿದ್ದು 1966ರ ಡಿಸೆಂಬರ್ 15ರಂದು, ಗುರು ಎಸ್.ಪಿ. ಕೋದಂಡಪಾಣಿಯವರ ಸಂಗೀತದಲ್ಲಿ. ಅದಾಗಿ ಎಂಟೇ ದಿನಕ್ಕೆ ಕನ್ನಡದ 'ನಕ್ಕರೆ ಅದೇ ಸ್ವರ್ಗ' ಚಿತ್ರಕ್ಕೆ ಹಾಡಿದರು. ಆಗ ಅವರಿಗೆ ಹೆಸರಿಲ್ಲ, ಪ್ರಶಸ್ತಿ ಇಲ್ಲ. ಶಾಸ್ತ್ರೀಯ ಸಂಗೀತವನ್ನೂ ಕ್ರಮವಾಗಿ ಕಲಿತವರಲ್ಲ. ಕರೆದವರು ದನಿ ಕೇಳಿ ಕರೆದರು. ಹಾಗೆ ಕರೆದಿದ್ದಕ್ಕೇ ಅಲ್ವಾ ಮುಂದೆ 1981ರ ಫೆಬ್ರುವರಿ 8ರಂದು ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗಾಗಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕನ್ನಡದಲ್ಲಿ 21 ಹಾಡು ಹಾಡಿ ಮುಗಿಸಿದ್ದು, ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿದ್ದು. ಇವತ್ತಿನ ಟೇಬಲ್ಲಿನವರು ಅವತ್ತು ಇದ್ದಿದ್ದರೆ ಆ ಹುಡುಗನನ್ನೂ ಮದ್ರಾಸಿಗೆ ವಾಪಸ್ ಕಳಿಸುತ್ತಿದ್ದರು.

ಸಂಘಟಕರ ಕಷ್ಟ ನನಗೂ ಗೊತ್ತು. ಸರ್ಕಾರದ ದುಡ್ಡಿನಲ್ಲಿ ಮಾಡುವ ಕಾರ್ಯಕ್ರಮಕ್ಕೆ ನಿಯಮ ಇರುತ್ತದೆ, ಬಹುಮಾನ ನಮ್ಮ ತಾಲೂಕಿನ ಮಕ್ಕಳಿಗೇ ಹೋಗಲಿ ಅನ್ನುವುದರಲ್ಲೂ ತಪ್ಪಿಲ್ಲ. ಹಾಗಾದರೆ ಕರಪತ್ರದಲ್ಲೇ ಅದನ್ನು ಹಾಕಿ, ನಾವು ಬರುವುದಿಲ್ಲ. ಬಹುಮಾನ ಬೇಡ ಅಂದರೆ ಬೇಡ, ಹಾಡಲು ಐದು ನಿಮಿಷ ಕೊಡಿ. ನಾಲಿಗೆ ಸರಿಯಿಲ್ಲದಿದ್ದರೆ ತಿದ್ದಿ ಕಳಿಸಿ, ಎಸ್‌ಪಿಬಿ ಮಾಡುತ್ತಿದ್ದುದು ಅದನ್ನೇ. ನವೆಂಬರ್ ತಿಂಗಳು ಪೂರ್ತಿ ಗಡಿನಾಡ ಕನ್ನಡ ಉಳಿಸಿ ಅಂತ ಭಾಷಣ ಕೇಳಿಸುತ್ತದೆ. ಇಲ್ಲಿ ಕನ್ನಡ ಶಾಲೆಗಳು ಕಡಿಮೆಯಾಗುತ್ತಿವೆ, ಅದು ದೊಡ್ಡ ಕೆಲಸ, ಯಾರು ಯಾವಾಗ ಮಾಡುತ್ತಾರೋ. ಒಂದು ಮೈಕ್ ಕೊಡುವುದಕ್ಕೆ ಯಾವ ಆದೇಶವೂ ಬೇಕಿಲ್ಲ.

ನಿಮ್ಮ ಪತ್ರಿಕೆಯಲ್ಲಿ ಇಂಥ ಸ್ಪರ್ಧೆಗಳ ಪ್ರಕಟಣೆ ಬರುತ್ತಿರುತ್ತದೆ. ಹೊರರಾಜ್ಯದ ಕನ್ನಡ ಮಕ್ಕಳಿಗೆ ಪ್ರವೇಶ ಇದೆಯೋ ಇಲ್ಲವೋ ಅಂತ ಸಂಘಟಕರನ್ನು ಕೇಳಿ ಒಂದು ಸಾಲು ಸೇರಿಸಿ ಹಾಕಿದರೆ ದೊಡ್ಡ ಉಪಕಾರ. ಇದೆ ಅಂದರೆ ನಾವು ಬರುತ್ತೇವೆ, ಬಸ್ ಚಾರ್ಜು ನಮ್ಮದೇ.

ಇಂತಿ,
ಅಗಳಿಯ ಒಬ್ಬ ಓದುಗ
ಶ್ರೀ ಸತ್ಯಸಾಯಿ ಜಿಲ್ಲೆ, ಆಂಧ್ರಪ್ರದೇಶ